ಮೊದಲ ಶಾಟ್ ಜೋರು, ಆಮೇಲೆ ಸುಸ್ತು: ಪೇಂಟ್‌ಬಾಲ್ ಮಾರ್ಕರ್‌ನ ರೆಗ್ಯುಲೇಟರ್ ಟ್ಯೂನ್ ಮಾಡುವುದು ಹೇಗೆ?

ಪ್ರಶ್ನೆ: ನನ್ನದು ಪಾಪೆಟ್ ವಾಲ್ವ್ (ಸುತ್ತಿಗೆ ಬಡಿದಾಗ ತೆರೆಯುವ ವಾಲ್ವ್) ಇರುವ ಎಲೆಕ್ಟ್ರಾನಿಕ್ ಪೇಂಟ್‌ಬಾಲ್ ಮಾರ್ಕರ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣದ ಬಾಲ್ ಹೊಡೆಯುವ ಗನ್. ಹಿಡಿಯ ಮುಂದೆ ಗಾಳಿಯ ಒತ್ತಡ ಇಳಿಸುವ ಒಂದು ರೆಗ್ಯುಲೇಟರ್, ಬ್ಯಾರೆಲ್ ಕೆಳಗೆ ಇನ್ನೊಂದು ಚಿಕ್ಕ ಕಡಿಮೆ ಒತ್ತಡದ ರೆಗ್ಯುಲೇಟರ್, ಅಂದರೆ ಎಲ್‌ಪಿಆರ್ ಇದೆ. 3000 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಟ್ಯಾಂಕ್ ಬಳಸುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಬಾಲ್ ವೇಗ ಅಳೆಯುವ ಕ್ರೋನೋದಲ್ಲಿ ಮೊದಲ ಶಾಟ್ ಸೆಕೆಂಡಿಗೆ 305 ಅಡಿ ಬರುತ್ತದೆ. ನಿಧಾನವಾಗಿ ಹೊಡೆಯುತ್ತಾ ಹೋದರೆ 280. ಬೇಗ ಬೇಗ ಹೊಡೆದರೆ 250ಕ್ಕೆ ಇಳಿಯುತ್ತದೆ. ಎರಡೂ ರೆಗ್ಯುಲೇಟರ್ ತಿರುಗಿಸಿ ನೋಡಿದೆ, ಸರಿಹೋಗಲಿಲ್ಲ. ಒಟ್ಟಿನಲ್ಲಿ ಎಷ್ಟು ಪಿಎಸ್‌ಐ ಇಡಬೇಕು?

ಉತ್ತರ: ಪಿಎಸ್‌ಐ ಎಷ್ಟು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡೋಣ. ನಿಮ್ಮ ಮಾರ್ಕರ್‌ಗೆ ಇರುವುದು ಒಂದು ತೊಂದರೆಯಲ್ಲ, ಎರಡು. ಬಿಟ್ಟು ಹೊಡೆದಾಗ ಮೊದಲ ಶಾಟ್ ಜೋರಾಗುವುದು ಒಂದು. ಬೇಗ ಹೊಡೆದಾಗ ವೇಗ ಕುಸಿಯುವುದು ಇನ್ನೊಂದು. ಮೊದಲನೆಯದು, ಮುಚ್ಚಿಕೊಳ್ಳಬೇಕಾದ ಜಾಗ ಸರಿಯಾಗಿ ಮುಚ್ಚದೆ ಇರುವುದರಿಂದ ಬರುತ್ತದೆ. ಎರಡನೆಯದು, ಬೇಕಾದಷ್ಟು ಗಾಳಿ ಬೇಕಾದ ಹೊತ್ತಿಗೆ ಬಾರದೆ ಇರುವುದರಿಂದ ಬರುತ್ತದೆ. ಈ ಎರಡಕ್ಕೂ ಅಡ್ಜಸ್ಟ್ ಸ್ಕ್ರೂ ಮದ್ದಲ್ಲ. ಸ್ಕ್ರೂ ತಿರುಗಿಸಿದರೆ 305, 280, 250 ಮೂರೂ ಒಟ್ಟಿಗೆ ಮೇಲೆ ಹೋಗುತ್ತವೆ, ಇಲ್ಲವೇ ಒಟ್ಟಿಗೆ ಕೆಳಗೆ ಬರುತ್ತವೆ. ಅವುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಅದಕ್ಕೇ ನಿಮಗೆ ಏನು ಮಾಡಿದರೂ ಸರಿಹೋಗಿಲ್ಲ.

305 ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಆಟದಲ್ಲಿ ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಸಾಮಾನ್ಯವಾಗಿ ಒಪ್ಪಿಕೊಂಡ ಗರಿಷ್ಠ ವೇಗ. ಎಷ್ಟೋ ಮೈದಾನಗಳಲ್ಲಿ 280 ಮಿತಿ. ಒಳಾಂಗಣದಲ್ಲಿ ಇನ್ನೂ ಕಡಿಮೆ. ಸಾಮಾನ್ಯ 0.68 ಇಂಚಿನ ಬಾಲ್ ಸುಮಾರು 3 ಗ್ರಾಂ ತೂಗುತ್ತದೆ. 300 ಅಡಿ ವೇಗದಲ್ಲಿ ಅದರ ಹೊಡೆತ ಹನ್ನೆರಡು ಜೂಲ್ ದಾಟುತ್ತದೆ. ಕ್ರೋನೋ ಕಟ್ಟೆಯಲ್ಲಿ ಎಡೆಬಿಡದೆ ಹತ್ತು ಶಾಟ್ ಹೊಡೆದು 280 ತೋರಿಸಿ ಒಳಗೆ ಹೋದರೂ, ಬಂಕರ್ ಹಿಂದೆ ಕಾದು ಕೂತು ಹೊಡೆಯುವ ಮೊದಲ ಶಾಟ್ 305 ಆಗಿರುತ್ತದೆ. ಎದುರಾಳಿ ತೀರಾ ಹತ್ತಿರ ಬಂದಿರುವುದೂ ಹೆಚ್ಚಾಗಿ ಆಗಲೇ, ಅಲ್ವಾ? ಹಾಗಾಗಿ ನಿಮ್ಮ ಎರಡು ತೊಂದರೆಗಳಲ್ಲಿ ಮೊದಲು ಸರಿಮಾಡಬೇಕಾದದ್ದು ಇದು. ಅಲ್ಲಿಯವರೆಗೆ ಆ ಮಾರ್ಕರ್ ಹಿಡಿದು ಆಟಕ್ಕೆ ಇಳಿಯಬೇಡಿ.

ರೆಗ್ಯುಲೇಟರ್ ಒಳಗೆ ಏನಾಗುತ್ತದೆ ಅಂತ ಒಮ್ಮೆ ಮನಸ್ಸಿಗೆ ಬಂದರೆ ಉಳಿದದ್ದು ಸುಲಭ. ಟ್ಯಾಂಕ್ ಒಳಗಿನ 3000 ಪಿಎಸ್‌ಐ ಗಾಳಿಯನ್ನು ಟ್ಯಾಂಕ್ ಮೇಲೇ ಕೂತಿರುವ ಮೊದಲ ರೆಗ್ಯುಲೇಟರ್ ಸುಮಾರು 800ರಿಂದ 850 ಪಿಎಸ್‌ಐಗೆ ಇಳಿಸುತ್ತದೆ. ಕಡಿಮೆ ಒತ್ತಡ ಕೊಡುವ ಟ್ಯಾಂಕ್ ಆದರೆ 450ರ ಆಸುಪಾಸು. ಆ ಗಾಳಿ ನಿಮ್ಮ ಹಿಡಿಯ ಮುಂದಿನ ರೆಗ್ಯುಲೇಟರ್‌ಗೆ, ಅಂದರೆ ಎಚ್‌ಪಿಆರ್‌ಗೆ (ಹೆಚ್ಚು ಒತ್ತಡದ ರೆಗ್ಯುಲೇಟರ್) ಬರುತ್ತದೆ. ಅಲ್ಲಿ ಒಂದು ಪಿಸ್ಟನ್, ಅದನ್ನು ಒಂದು ಕಡೆಯಿಂದ ತಳ್ಳುವ ಸ್ಪ್ರಿಂಗ್, ಪಿಸ್ಟನ್ ತುದಿ ಬಂದು ಕೂರುವ ಚಿಕ್ಕ ಪ್ಲಾಸ್ಟಿಕ್ ಸೀಟ್ ಇರುತ್ತವೆ. ಸ್ಪ್ರಿಂಗ್ ಪಿಸ್ಟನ್ನನ್ನು ಸೀಟಿನಿಂದ ದೂರ ತಳ್ಳುತ್ತದೆ, ದಾರಿ ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಆಚೆ ಕಡೆ ಒತ್ತಡ ಏರುತ್ತಾ ಏರುತ್ತಾ ಪಿಸ್ಟನ್ನಿನ ಅಗಲವಾದ ಮುಖವನ್ನು ಒತ್ತುತ್ತದೆ. ಆ ಒತ್ತು ಸ್ಪ್ರಿಂಗ್ ಬಲಕ್ಕೆ ಸಮವಾದ ಕೂಡಲೇ ಪಿಸ್ಟನ್ ತುದಿ ಸೀಟಿನ ಮೇಲೆ ಕೂತು ದಾರಿ ಮುಚ್ಚುತ್ತದೆ. ನೀವು ಒಂದು ಶಾಟ್ ಹೊಡೆದಾಗ ಆಚೆ ಕಡೆ ಒತ್ತಡ ಇಳಿಯುತ್ತದೆ, ಮತ್ತೆ ತೆರೆಯುತ್ತದೆ, ತುಂಬುತ್ತದೆ, ಮುಚ್ಚುತ್ತದೆ. ಸೆಕೆಂಡಿಗೆ ಹತ್ತು ಶಾಟ್ ಹೊಡೆದರೆ ಹತ್ತು ಸಲ ಇದೇ ಕೆಲಸ. ಸ್ಕ್ರೂ ತಿರುಗಿಸುವುದು ಅಂದರೆ ಸ್ಪ್ರಿಂಗ್ ಎಷ್ಟು ಬಲದಿಂದ ತಡೆದು ನಿಲ್ಲಬೇಕು ಅನ್ನುವುದನ್ನು ಬದಲಾಯಿಸುವುದು, ಅಷ್ಟೇ. ಸೀಟ್ ಗೀರುಬಿದ್ದಿದ್ದರೆ ಅದಕ್ಕೆ ಸ್ಕ್ರೂ ಏನೂ ಮಾಡಲಾರದು. ದಾರಿ ಕಟ್ಟಿಕೊಂಡಿದ್ದರೂ ಅಷ್ಟೇ.

ಎಲ್‌ಪಿಆರ್ ಕೆಲಸ ಬೇರೆ. ಅದು ಬಾಲ್ ಹೊಡೆಯುವ ಗಾಳಿ ಕೊಡುವುದಿಲ್ಲ. ರ‍್ಯಾಮ್ ಎಂಬ ಒಳಗಿನ ದಂಡ ಹಿಂದೆ ಮುಂದೆ ಓಡಲು, ಅದರ ತುದಿಯ ಸುತ್ತಿಗೆ ಬಂದು ವಾಲ್ವ್ ಪಿನ್ ಬಡಿಯಲು ಬೇಕಾದ ಗಾಳಿ ಅದರದ್ದು. ಒತ್ತಡವೂ ಕಡಿಮೆ, ನೂರರ ಒಳಗೆ. ವೇಗ ಹೊಂದಿಸಲು ಎಲ್‌ಪಿಆರ್ ತಿರುಗಿಸುವುದು ತುಂಬಾ ಜನ ಮಾಡುವ ಕೆಲಸ. ಎಲ್‌ಪಿಆರ್ ತೀರಾ ಇಳಿದಿದ್ದರೆ ಸ್ವಲ್ಪ ಏರಿಸಿದಾಗ ವೇಗ ಏರುವುದು ನಿಜ. ಆಮೇಲೆ ಏರಿಸಿದಷ್ಟೂ ಬಾಲನ್ನು ಮುಂದಕ್ಕೆ ತಳ್ಳುವ ಬೋಲ್ಟ್ ಬಡಿತ ಜೋರಾಗುತ್ತದೆ, ಬಾಲ್ ಒಳಗೇ ಒಡೆಯುತ್ತದೆ, ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ವಾಲ್ವ್) ಮೇಲೆ ಸುಮ್ನೆ ಭಾರ ಬೀಳುತ್ತದೆ. ವೇಗಕ್ಕೆ ಎಚ್‌ಪಿಆರ್, ಓಟಕ್ಕೆ ಎಲ್‌ಪಿಆರ್. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಈಗ ಕೆಲಸಕ್ಕೆ ಇಳಿಯುವ ಮುಂಚೆ ಒಂದಷ್ಟು ಜಾಗ್ರತೆ. ಪೇಂಟ್‌ಬಾಲ್‌ಗೆಂದೇ ಪರೀಕ್ಷಿಸಿದ ಮಾಸ್ಕ್ ಹಾಕಿಕೊಳ್ಳಿ, ಪಕ್ಕದಲ್ಲಿ ನಿಂತವರೂ ಹಾಕಿಕೊಳ್ಳಲಿ. ಹಾಪರ್ (ಬಾಲ್ ತುಂಬುವ ಡಬ್ಬ) ಕಳಚಿ, ಬ್ಯಾರೆಲ್‌ಗೆ ಕವರ್ ಹಾಕಿ. ಬಾಲ್ ಇಲ್ಲದೆ ಹೊಡೆಯಬೇಕಾದರೆ ಕಣ್ಣು, ಅಂದರೆ ಬಾಲ್ ಬಂದಿದೆಯೇ ಎಂದು ನೋಡುವ ಸೆನ್ಸರ್, ಆಫ್ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ಟ್ರಿಗರ್ ಎಳೆದರೂ ಮಾರ್ಕರ್ ಸುಮ್ಮನಿರುತ್ತದೆ, ನೀವು ಕೆಟ್ಟಿದೆ ಅಂದುಕೊಳ್ಳುತ್ತೀರಿ. ಯಾವುದೇ ಭಾಗ ಬಿಚ್ಚುವ ಮುಂಚೆ ಟ್ಯಾಂಕ್ ತೆಗೆದು, ಒಳಗಿನ ಗಾಳಿ ಪೂರ್ತಿ ಹೋಗುವವರೆಗೆ ಖಾಲಿ ಹೊಡೆಯಿರಿ. ಗೇಜ್ ಸೂಜಿ ಸೊನ್ನೆಗೆ ಬಂದಿದ್ದರೂ ಇನ್ನೆರಡು ಸಲ ಎಳೆಯಿರಿ. ಟ್ಯಾಂಕ್ ಬಿಚ್ಚುವಾಗ ಅದರ ಕುತ್ತಿಗೆಯನ್ನು ನೋಡುತ್ತಿರಿ. ಬಾಟಲಿ, ಅದರ ಮೇಲಿನ ರೆಗ್ಯುಲೇಟರ್ ಎರಡೂ ಒಟ್ಟಿಗೆ ತಿರುಗಬೇಕು. ರೆಗ್ಯುಲೇಟರ್ ನಿಂತಲ್ಲೇ ನಿಂತು ಬಾಟಲಿ ಮಾತ್ರ ತಿರುಗಿದರೆ ತಕ್ಷಣ ನಿಲ್ಲಿಸಿ. ಆ ಜೋಡಣೆ ಬಿಚ್ಚಿಕೊಂಡರೆ ತುಂಬಿದ ಬಾಟಲಿ ರಾಕೆಟ್ಟಿನಂತೆ ಹಾರುತ್ತದೆ. ಇಂಥ ಅಪಘಾತಗಳಲ್ಲಿ ಜನ ಸತ್ತಿದ್ದಾರೆ. ರೆಗ್ಯುಲೇಟರಿಗೂ ಬಾಟಲಿಗೂ ಅಡ್ಡವಾಗಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದೆಯೋ ಇಲ್ಲವೋ ಒಂದು ನೋಟಕ್ಕೆ ಗೊತ್ತಾಗುತ್ತದೆ. ಮತ್ತೆ, ಟ್ಯಾಂಕ್ ಮೇಲಿನ ರೆಗ್ಯುಲೇಟರ್ ಒಳಗೆ ನೀವು ಕೈ ಹಾಕಬೇಡಿ. ಅದು ತರಬೇತಿ ಪಡೆದವರ ಕೆಲಸ. ಗಾಳಿ ತುಂಬಿಸುವ ಅದರ ಫಿಲ್ ನಿಪ್ಪಲ್‌ಗೆ ಎಣ್ಣೆಯನ್ನಂತೂ ಖಂಡಿತಾ ಬಿಡಬೇಡಿ. ಗಾಳಿ ಅಷ್ಟು ಒತ್ತಡದಲ್ಲಿ ನುಗ್ಗುವಾಗ ಎಣ್ಣೆ ಹೊತ್ತಿಕೊಳ್ಳಬಹುದು.

ಪರೀಕ್ಷೆ ಶುರುಮಾಡೋಣ. ಟ್ಯಾಂಕ್ ಚೆನ್ನಾಗಿ ತುಂಬಿರಲಿ, ಕನಿಷ್ಠ 2000 ಪಿಎಸ್‌ಐ ಆದರೂ. ಇಲ್ಲಿ ಎರಡು ಗೇಜ್‌ಗಳ ಗೊಂದಲ ಬೇಡ. ಟ್ಯಾಂಕ್ ಮೇಲಿನ ಗೇಜ್ ತೋರಿಸುವುದು ಬಾಟಲಿಯಲ್ಲಿ ಎಷ್ಟು ಉಳಿದಿದೆ ಅನ್ನುವುದನ್ನು. ನಮಗೆ ಬೇಕಿರುವುದು ಎಚ್‌ಪಿಆರ್ ಮೇಲಿನ ಗೇಜ್, ಅದರಿಂದ ಹೊರಬರುವ ಒತ್ತಡ. ನಿಮ್ಮದರಲ್ಲಿ ಗೇಜ್ ಇಲ್ಲದಿದ್ದರೆ ರೆಗ್ಯುಲೇಟರ್ ಮೇಲೆ ಮುಚ್ಚಳದ ಸ್ಕ್ರೂ ಹಾಕಿದ ಒಂದು ತೂತು ಇರುತ್ತದೆ, ಅಲ್ಲಿಗೆ ಚಿಕ್ಕ ಗೇಜ್ ಕೂರಿಸಬಹುದು. ಈ ಚಿಕ್ಕ ಗೇಜ್‌ಗಳು ತೋರಿಸುವ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎರಡು ಗೇಜ್ ಒಂದೇ ಒತ್ತಡಕ್ಕೆ ಬೇರೆ ಬೇರೆ ತೋರಿಸುವುದು ಮಾಮೂಲು. ಆದರೆ ಸೂಜಿ ಅಲ್ಲಾಡುವ ರೀತಿ ಸುಳ್ಳು ಹೇಳುವುದಿಲ್ಲ. ಅದನ್ನೇ ನೋಡೋಣ.

ಖಾಲಿ ಐದಾರು ಸಲ ಹೊಡೆಯಿರಿ. ಸೂಜಿ ಪ್ರತಿ ಸಲ ಥಟ್ಟನೆ ಇಳಿದು ಥಟ್ಟನೆ ಅದೇ ಜಾಗಕ್ಕೆ ವಾಪಸ್ಸು ಬರಬೇಕು. ಈಗ ಬೆರಳು ತೆಗೆದು ಸುಮ್ಮನೆ ಒಂದೆರಡು ನಿಮಿಷ ಸೂಜಿಯನ್ನೇ ನೋಡುತ್ತಾ ಕೂರಿ. ಒಳ್ಳೆಯ ರೆಗ್ಯುಲೇಟರ್‌ನ ಸೂಜಿ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಕೂದಲೆಳೆಯಷ್ಟು ಏರಿ ನಿಲ್ಲುತ್ತದೆ. ನಿಮ್ಮದು ಖಂಡಿತ ನಿಲ್ಲುವುದಿಲ್ಲ ಅಂದುಕೊಂಡಿದ್ದೇನೆ. ಗಡಿಯಾರದ ನಿಮಿಷದ ಮುಳ್ಳು ಚಲಿಸಿದಷ್ಟು ನಿಧಾನವಾಗಿ ಅದು ಮೇಲೇರುತ್ತಾ ಹೋಗುತ್ತದೆ. ಇದನ್ನೇ ಕ್ರೀಪ್ ಅನ್ನುವುದು. ಪಿಸ್ಟನ್ ತುದಿ ಸೀಟಿನ ಮೇಲೆ ಕೂತಿದೆ, ಆದರೆ ಪೂರ್ತಿ ಮುಚ್ಚಿಲ್ಲ. 850 ಪಿಎಸ್‌ಐ ಕಡೆಯಿಂದ ಈ ಕಡೆಗೆ ಗಾಳಿ ಜಿನುಗುತ್ತಿದೆ. ನೀವು ಹೊಡೆಯುತ್ತಾ ಇದ್ದರೆ ಜಿನುಗಲು ಸಮಯ ಸಿಗುವುದಿಲ್ಲ, ಹಾಗಾಗಿ 280 ಬರುತ್ತದೆ. ಬಿಟ್ಟಾಗ ಒತ್ತಡ ಕೂಡಿಕೊಳ್ಳುತ್ತದೆ, ಮೊದಲ ಶಾಟ್ 305 ಆಗುತ್ತದೆ.

ಅನುಮಾನ ಬೇಡ ಅಂದರೆ ಇನ್ನೊಂದು ಸಲ ನೋಡಿ. ಇದೇ ಮಾರ್ಕರ್‌ಗೆ ಗೆಳೆಯರ ಟ್ಯಾಂಕ್ ಹಾಕಿ. ಆಗಲೂ ಸೂಜಿ ಏರಿದರೆ ತಪ್ಪು ನಿಮ್ಮ ಎಚ್‌ಪಿಆರ್‌ನದ್ದೇ. ಏರುವುದು ನಿಂತರೆ ನಿಮ್ಮ ಟ್ಯಾಂಕ್ ರೆಗ್ಯುಲೇಟರ್ ಮೇಲೆ ಕಣ್ಣಿಡಿ. ಟ್ಯಾಂಕ್‌ನದ್ದೇ ಜಿನುಗುತ್ತಿದ್ದರೆ ಎಚ್‌ಪಿಆರ್‌ಗೆ ಬರುವ ಒತ್ತಡ ಏರುತ್ತದೆ, ಅದರ ಪ್ರಭಾವ ಸ್ವಲ್ಪ ಮಟ್ಟಿಗೆ ಈಚೆಗೂ ಕಾಣುತ್ತದೆ.

ಎಚ್‌ಪಿಆರ್ ಅಂತ ಗೊತ್ತಾದ ಮೇಲೆ ಗಾಳಿ ಬಿಟ್ಟು ಬಿಚ್ಚಿ. ಸ್ಪ್ರಿಂಗ್ ಜಾಗದಲ್ಲಿ ಬಟ್ಟಲಿನಾಕಾರದ ತೆಳ್ಳಗಿನ ಬಿಲ್ಲೆಗಳ ಸಾಲು ಇದ್ದರೆ, ತೆಗೆಯುವ ಮುಂಚೆ ಫೋಟೋ ಹೊಡೆದುಕೊಳ್ಳಿ. ಯಾವ ಬಿಲ್ಲೆ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಸ್ಪ್ರಿಂಗ್ ಬಲ ನಿಂತಿದೆ. ಒಂದು ಬಿಲ್ಲೆ ಉಲ್ಟಾ ಹೋದರೆ ನಿಮಗೆ ಬೇಕಾದ ಒತ್ತಡವೇ ಸಿಗದೆ ಹೋಗಬಹುದು.

ಸೀಟನ್ನು ಹೊರತೆಗೆದು ಒಳ್ಳೆಯ ಬೆಳಕಿನಲ್ಲಿ ಹಿಡಿಯಿರಿ. ಹಾಗೇ ಓರೆಯಾಗಿ ತಿರುಗಿಸಿ. ಪಿಸ್ಟನ್ ತುದಿ ದಿನವೂ ಒತ್ತಿ ಒತ್ತಿ ಸೀಟಿನ ಮೇಲೆ ಒಂದು ಸಣ್ಣ ಉಂಗುರದ ಗುರುತು ಮೂಡಿರುತ್ತದೆ. ಆ ಉಂಗುರ ತೆಳ್ಳಗೆ, ಸುತ್ತಲೂ ಒಂದೇ ಸಮ ಇದ್ದರೆ ಸೀಟ್ ಚೆನ್ನಾಗಿದೆ. ಒಂದು ಕಡೆ ದಪ್ಪ, ಒಂದು ಕಡೆ ಮಾಸಲು ಇದ್ದರೆ ಪಿಸ್ಟನ್ ವಾಲಿ ಕೂರುತ್ತಿದೆ. ಉಂಗುರ ಆಳದ ಕಾಲುವೆಯ ಹಾಗಾಗಿದ್ದರೆ ಸೀಟ್ ಸವೆದಿದೆ. ಉಂಗುರವನ್ನು ಅಡ್ಡ ಕತ್ತರಿಸಿದ ಹಾಗೆ ಒಂದು ಗೀರು ಕಂಡರೆ, ಅದೇ ಗಾಳಿ ಜಿನುಗುವ ದಾರಿ. ಲೋಹದ ಒಂದು ಚೂರು ಸಿಕ್ಕಿಕೊಂಡು ಹೀಗಾಗುತ್ತದೆ. ಮರಳಿನ ಕಣ ಬಿದ್ದರೂ ಸಾಕು. ಆಮೇಲೆ ಪಿಸ್ಟನ್ ತುದಿಯ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಒಂದು ಸುತ್ತು ಹಾಯಿಸಿ. ಎಲ್ಲಿಯಾದರೂ ಉಗುರು ತಡೆದರೆ ಪಿಸ್ಟನ್ನೂ ಹಾಳಾಗಿದೆ. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಸರಿಮಾಡಲು ಹೋಗಬೇಡಿ. ಆ ಅಂಚು ಒಂದೇ ಸಮತಲದಲ್ಲಿ ಇರಬೇಕು, ಕೈಯಲ್ಲಿ ಉಜ್ಜಿದರೆ ಉಳಿಯುವುದಿಲ್ಲ. ಹಾಳಾದ ಪಿಸ್ಟನ್ನಿಗೆ ಹೊಸ ಸೀಟ್ ಹಾಕಿದರೆ ಅದು ಹೊಸ ಸೀಟನ್ನೂ ಕತ್ತರಿಸುತ್ತದೆ. ಎರಡನ್ನೂ ಬದಲಿಸಿ. ಕೆಲವು ಮಾದರಿಗಳ ಸೀಟನ್ನು ಮಗುಚಿ ಹಾಕಬಹುದು, ಇನ್ನೊಂದು ಮುಖ ಹೊಸದಾಗೇ ಇರುತ್ತದೆ. ಹೊಸ ಸೀಟ್ ಕೈಯಲ್ಲಿ ಇಲ್ಲದ ದಿನ ಇದು ನೆರವಿಗೆ ಬರುತ್ತದೆ.

ನೂಲು ಬಿಡದ ಬಟ್ಟೆಯಲ್ಲಿ ಎಲ್ಲ ಒರೆಸಿ. ಪಿಸ್ಟನ್ನಿನ ಓ-ರಿಂಗ್‌ಗಳಿಗೆ, ಅಂದರೆ ರಬ್ಬರ್ ಉಂಗುರಗಳಿಗೆ, ಪೇಂಟ್‌ಬಾಲ್ ಗ್ರೀಸ್ ತೆಳ್ಳಗೆ, ಬರೀ ಹೊಳಪು ಕಾಣುವಷ್ಟು ಸವರಿ. ಬಿಲ್ಲೆಗಳಿಗೂ ಅಷ್ಟೇ. ಅವು ಒಣಗಿದ್ದರೆ ಒಂದಕ್ಕೊಂದು ಉಜ್ಜಿ, ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ಲುತ್ತವೆ. ಸೀಟಿಗೆ ಮಾತ್ರ ಗ್ರೀಸ್ ಬೇಡವೇ ಬೇಡ, ಅದು ಕಸ ಹಿಡಿದಿಟ್ಟುಕೊಳ್ಳುತ್ತದೆ. ಗ್ರೀಸ್ ಜಾಸ್ತಿಯಾದರೂ ತೊಂದರೆಯೇ. ಪಿಸ್ಟನ್ ಅಂಟಿಕೊಂಡು ತಡವಾಗಿ ಚಲಿಸುತ್ತದೆ. ಆಗ ನಿಮ್ಮ ಎರಡನೆಯ ತೊಂದರೆ ಶುರುವಾಗುತ್ತದೆ.

ಮತ್ತೆ ಜೋಡಿಸಿದ ಮೇಲೆ ಟ್ಯಾಂಕ್ ಹಾಕುವ ಮುಂಚೆ ಅಡ್ಜಸ್ಟ್ ಸ್ಕ್ರೂವನ್ನು ಕಡಿಮೆ ಒತ್ತಡದ ಕಡೆಗೆ ತಿರುಗಿಸಿಡಿ. ಮೊದಲು ಎಲ್ಲಿತ್ತೋ ಅಲ್ಲೇ ಇರಲಿ ಅಂತ ಬಿಟ್ಟರೆ ಹೊಸ ಸೀಟಿನೊಂದಿಗೆ ಒತ್ತಡ ಎಲ್ಲಿಗೋ ಹೋಗಬಹುದು. ಯಾವ ಕಡೆ ತಿರುಗಿಸಿದರೆ ಕಡಿಮೆ ಅನ್ನುವುದನ್ನು ನಿಮ್ಮ ಮಾದರಿಯ ಕೈಪಿಡಿ ನೋಡಿಯೇ ತಿಳಿದುಕೊಳ್ಳಿ. ಕೆಲವದರಲ್ಲಿ ಒಳಗೆ ತಿರುಗಿಸಿದರೆ ಏರುತ್ತದೆ, ಕೆಲವದರಲ್ಲಿ ಇಳಿಯುತ್ತದೆ. ಗಾಳಿ ತುಂಬಿದ್ದಾಗ ಈ ಸ್ಕ್ರೂವನ್ನು ಪೂರ್ತಿ ಹೊರಗೆ ಬರುವಷ್ಟು ಎಂದೂ ತಿರುಗಿಸಬೇಡಿ, ಅದು ಸಿಡಿದು ಹಾರಬಹುದು. ಹೊಸ ಸೀಟ್ ಕೂತುಕೊಳ್ಳಲು ಒಂದಷ್ಟು ಶಾಟ್ ಬೇಕು. ಶುರುವಿನಲ್ಲಿ ಅಂಕಿ ಸ್ವಲ್ಪ ಅತ್ತಿತ್ತ ಆದರೆ ಗಾಬರಿ ಬೇಡ.

ಈಗ ಎರಡನೆಯದಕ್ಕೆ ಬರೋಣ. ಬೇಗ ಹೊಡೆದಾಗ 280 ಹೋಗಿ 250 ಆಗುವುದು. ಇಲ್ಲೂ ಸೂಜಿಯೇ ದಾರಿ ತೋರಿಸುತ್ತದೆ. ಒಬ್ಬರು ಬೇಗ ಬೇಗ ಹೊಡೆಯಲಿ, ಇನ್ನೊಬ್ಬರು ಎಚ್‌ಪಿಆರ್ ಗೇಜ್ ನೋಡಲಿ. ಸೂಜಿ ಅಷ್ಟು ವೇಗದಲ್ಲಿ ಪ್ರತಿ ಶಾಟನ್ನೂ ತೋರಿಸಲಾರದು. ಅದು ಎಲ್ಲಿ ತೂಗಾಡುತ್ತಿದೆ ಅನ್ನುವುದನ್ನು ನೋಡಿದರೆ ಸಾಕು. ನಿಂತ ಜಾಗಕ್ಕಿಂತ ಚೆನ್ನಾಗಿ ಕೆಳಗೆ ಹೋಗಿ ಅಲ್ಲೇ ತೂಗಾಡುತ್ತಿದ್ದರೆ, ಗಾಳಿ ಸಾಕಾಗುತ್ತಿಲ್ಲ. ತಪ್ಪು ಗೇಜ್‌ನ ಹಿಂದೆ, ಟ್ಯಾಂಕ್ ಕಡೆ ಇದೆ. ಸೂಜಿ ಹತ್ತಿರ ಹತ್ತಿರ ಅದೇ ಜಾಗದಲ್ಲಿದ್ದೂ ವೇಗ ಕುಸಿದರೆ, ಗಾಳಿ ಬರುತ್ತಿದೆ, ಅದನ್ನು ಬಳಸುವುದರಲ್ಲಿ ತಪ್ಪಿದೆ. ಅಂದರೆ ಎಲ್‌ಪಿಆರ್, ಸೊಲೆನಾಯ್ಡ್, ವಾಲ್ವ್ ಕಡೆ. ಇಷ್ಟು ಗೊತ್ತಾದರೆ ಅರ್ಧ ಮಾರ್ಕರ್ ಬಿಚ್ಚುವ ಕೆಲಸ ತಪ್ಪಿತು.

ಟ್ಯಾಂಕ್ ಕಡೆ ಅಂತಾದರೆ ಮೊದಲು ಸುಲಭದ್ದನ್ನೇ ನೋಡಿ. ಟ್ಯಾಂಕ್ ಕೂರುವ ಜಾಗದಲ್ಲಿ ಆನ್-ಆಫ್ ನಾಬ್ ಇದ್ದರೆ ಅದು ಪೂರ್ತಿ ಒಳಗೆ ಹೋಗಿದೆಯೇ? ಮಾರ್ಕರ್ ಕಡೆಯ ಒಂದು ಪಿನ್ ಟ್ಯಾಂಕ್‌ನ ಪಿನ್ನನ್ನು ಒತ್ತಿ ಗಾಳಿ ಬಿಡುತ್ತದೆ. ಅರ್ಧ ಒತ್ತಿದರೆ ಗಾಳಿ ಬರುತ್ತದೆ, ಮಾರ್ಕರ್ ನಡೆಯುತ್ತದೆ, ನಿಧಾನವಾಗಿ ಹೊಡೆದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಬೇಗ ಹೊಡೆದಾಗ ಮಾತ್ರ ಗಾಳಿಗೆ ದಾರಿ ಸಾಲುವುದಿಲ್ಲ. ನಿಮ್ಮ ಲಕ್ಷಣಕ್ಕೆ ಇದು ತುಂಬಾ ಹೊಂದುತ್ತದೆ. ಇಲ್ಲೂ ಗೆಳೆಯರ ಟ್ಯಾಂಕ್ ಹಾಕಿ ನೋಡುವುದು ಎಲ್ಲಕ್ಕಿಂತ ಬೇಗ ಉತ್ತರ ಕೊಡುತ್ತದೆ. ಅದರಲ್ಲೂ ಕುಸಿದರೆ ಟ್ಯಾಂಕ್ ಕಡೆಯಿಂದ ಗಾಳಿ ತರುವ ಮ್ಯಾಕ್ರೋಲೈನ್ ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ. ಎಚ್‌ಪಿಆರ್ ಬಾಯಿಯಲ್ಲಿ ಜಾಲರಿ ಇದ್ದರೆ ಅದು ಕಟ್ಟಿದೆಯೇ ನೋಡಿ. ಹಳೇ ಗ್ರೀಸ್, ಧೂಳು ಸೇರಿ ಅದು ಕಂದು ಬಣ್ಣದ ಅಂಟಿನಿಂದ ಮುಚ್ಚಿಹೋಗಿರುತ್ತದೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ, ಸಾವಿರ ಪಿಎಸ್‌ಐ ಹತ್ತಿರ ಬಂದ ಮೇಲೆ, ಯಾರ ಮಾರ್ಕರ್ ಆದರೂ ಕುಸಿಯಲು ಶುರುವಾಗುತ್ತದೆ. 850 ಕೊಡಬೇಕಾದ ರೆಗ್ಯುಲೇಟರ್‌ಗೆ ಹಿಂದಿನಿಂದ ಒತ್ತುವ ಬಲವೇ ಉಳಿದಿರುವುದಿಲ್ಲ. ಅದು ದೋಷವಲ್ಲ, ತುಂಬಿಸಿಕೊಂಡು ಬನ್ನಿ ಅಷ್ಟೇ.

ನೀವು ಗಾಳಿಯ ಬದಲು ಸಿಒಟು (ಇಂಗಾಲದ ಡೈಆಕ್ಸೈಡ್) ಬಳಸುತ್ತಿಲ್ಲ, ಒಳ್ಳೆಯದು. ಅದರ ಒತ್ತಡ ಹವೆಯ ಮೇಲೆ ನಿಂತಿದೆ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 840 ಪಿಎಸ್‌ಐ ಇದ್ದದ್ದು 0 ಡಿಗ್ರಿಯಲ್ಲಿ 500ರ ಆಸುಪಾಸಿಗೆ ಬರುತ್ತದೆ. ಬೇಗ ಹೊಡೆದರೆ ದ್ರವ ಆವಿಯಾಗುತ್ತಾ ಟ್ಯಾಂಕೇ ತಣ್ಣಗಾಗಿ ಒತ್ತಡ ಇಳಿಯುತ್ತದೆ. ದ್ರವವೇ ರೆಗ್ಯುಲೇಟರ್ ಒಳಗೆ ನುಗ್ಗಿದರೆ ಸೀಟ್, ಓ-ರಿಂಗ್ ಎರಡೂ ಕೆಡುತ್ತವೆ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ ಮೊದಲ ಪೇಂಟ್‌ಬಾಲ್ ಆಟದಲ್ಲಿ ಬಳಸಿದ ನೆಲ್‌ಸ್ಪಾಟ್ 007 ಮಾರ್ಕರ್ 12 ಗ್ರಾಂ ಸಿಒಟು ಕಾರ್ಟ್ರಿಜ್‌ನಲ್ಲಿ ನಡೆಯುತ್ತಿತ್ತು. ಒಂದೊಂದೇ ಶಾಟ್ ಹೊಡೆಯುವ ಮಾರ್ಕರ್‌ಗೆ ಅದು ಸಾಕಿತ್ತು. ನಿಮ್ಮ ಸೊಲೆನಾಯ್ಡ್ ಮಾರ್ಕರ್‌ಗೆ ಗಾಳಿಯೇ ಸರಿ.

ಸೂಜಿ ನಿಂತಿದ್ದೂ ವೇಗ ಕುಸಿದರೆ ಎಲ್‌ಪಿಆರ್ ಕಡೆ ಬನ್ನಿ. ಎಲ್‌ಪಿಆರ್ ಕಡಿಮೆಯಿದ್ದರೆ, ಇಲ್ಲವೇ ತಡವಾಗಿ ತುಂಬುತ್ತಿದ್ದರೆ, ಬೇಗ ಹೊಡೆಯುವಾಗ ಸುತ್ತಿಗೆ ವಾಲ್ವನ್ನು ಪೂರ್ತಿ ಬಡಿಯುವುದಿಲ್ಲ. ಬ್ಯಾಟರಿ ಇಳಿದಿದ್ದರೂ ಸೊಲೆನಾಯ್ಡ್ ಹೀಗೇ ಮಾಡುತ್ತದೆ. ಹಾಗಾಗಿ ಏನೇ ಮುಟ್ಟುವ ಮುಂಚೆ ಹೊಸ ಬ್ಯಾಟರಿ ಹಾಕಿ ನೋಡಿ. ಇನ್ನೊಂದು, ಬಾಲ್ ತಡೆಯುವ ಡಿಟೆಂಟ್ ಸವೆದಿದ್ದರೆ ಬಾಲ್ ಬ್ಯಾರೆಲ್ ಒಳಗೆ ಮುಂದಕ್ಕೆ ಉರುಳಿರುತ್ತದೆ. ಆಗ ಒಂದೊಂದು ಶಾಟ್ ಮಾತ್ರ ಇದ್ದಕ್ಕಿದ್ದಂತೆ ತೀರಾ ಕಡಿಮೆ ಬರುತ್ತದೆ. ಎಲ್ಲ ಶಾಟ್‌ಗಳೂ ಸಮನಾಗಿ ಕುಸಿಯುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಗಮನಿಸಿ.

ಜಿನುಗುವುದು ನಿಂತಿತು, ಗಾಳಿಯ ದಾರಿ ತೆರವಾಯಿತು ಅಂದುಕೊಳ್ಳೋಣ. ಈಗ ಟ್ಯೂನಿಂಗ್. ಇದಕ್ಕೊಂದು ಕ್ರಮ ಇದೆ, ಮತ್ತೆ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಎಚ್‌ಪಿಆರ್ ಅನ್ನು ಕೈಪಿಡಿ ಹೇಳುವ ಅಂಕಿಗೆ ಇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಈಗಿನ ಎಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ ಹೆಚ್ಚಿನವು 130ರಿಂದ 200 ಪಿಎಸ್‌ಐ ಒಳಗೆ ನಡೆಯುತ್ತವೆ, ನಿಮ್ಮದೂ ಅಲ್ಲೇ ಎಲ್ಲೋ ಇರುತ್ತದೆ. ಆದರೆ ಅದು ಶುರುಮಾಡುವ ಜಾಗ, ಮುಟ್ಟಬೇಕಾದ ಜಾಗವಲ್ಲ. ಕೊನೆಯ ಅಂಕಿಯನ್ನು ಕ್ರೋನೋ ಹೇಳುತ್ತದೆ. ಆಮೇಲೆ ಎಲ್‌ಪಿಆರ್. ಚೆನ್ನಾಗಿ ನಡೆಯುತ್ತಿರುವ ಮಟ್ಟದಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ಇಳಿಸಿ, ಸುತ್ತಿನ ಎಂಟನೇ ಒಂದು ಭಾಗ ಸಾಕು. ಒಂದು ಹಂತದಲ್ಲಿ ವೇಗ ಕುಸಿಯಲು ಶುರುವಾಗುತ್ತದೆ, ಇಲ್ಲವೇ ಬಿಟ್ಟು ಹೊಡೆದಾಗ ಮೊದಲ ಶಾಟ್ ಕಡಿಮೆ ಬರುತ್ತದೆ. ಓ-ರಿಂಗ್‌ಗಳು ನಿಂತಲ್ಲೇ ಅಂಟಿಕೊಂಡು ರ‍್ಯಾಮ್ ತಡವರಿಸುವುದು ಅದಕ್ಕೆ ಕಾರಣ. ಅಲ್ಲಿಂದ ಸ್ವಲ್ಪ ಮೇಲೆ ಏರಿಸಿ ನಿಲ್ಲಿಸಿ. ಡ್ವೆಲ್, ಅಂದರೆ ಸೊಲೆನಾಯ್ಡ್ ಎಷ್ಟು ಮಿಲಿಸೆಕೆಂಡ್ ತೆರೆದಿರುತ್ತದೆ ಅನ್ನುವುದಕ್ಕೂ ಇದೇ ರೀತಿ. ಇಳಿಸುತ್ತಾ ಹೋಗಿ, ವೇಗ ಬೀಳುವ ಜಾಗ ಹುಡುಕಿ, ಅಲ್ಲಿಂದ ತುಸು ಮೇಲೆ ನಿಲ್ಲಿ. ಡ್ವೆಲ್ ಜಾಸ್ತಿ ಇಟ್ಟರೆ ಗಾಳಿ ವ್ಯರ್ಥ, ಅಂಚಿನ ಮೇಲೇ ಇಟ್ಟರೆ ಚಳಿಯ ಬೆಳಿಗ್ಗೆ ಕೈಕೊಡುತ್ತದೆ.

ಕೊನೆಗೆ ಎಚ್‌ಪಿಆರ್‌ನಿಂದ ವೇಗ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಒತ್ತಡ ಏರಿಸಿದಷ್ಟೂ ವೇಗ ಏರುತ್ತದೆ, ಇಳಿಸಿದಷ್ಟೂ ಇಳಿಯುತ್ತದೆ ಅನ್ನುವುದು ಪಾಪೆಟ್ ವಾಲ್ವ್‌ನಲ್ಲಿ ಸುಳ್ಳು. ವಾಲ್ವನ್ನು ಮುಚ್ಚಿ ಹಿಡಿಯುವುದೂ ಇದೇ ಒತ್ತಡವೇ. ಏರಿಸುತ್ತಾ ಹೋದರೆ ಮೊದಮೊದಲು ವೇಗ ಏರುತ್ತದೆ. ಆಮೇಲೆ ಏರುವುದು ನಿಲ್ಲುತ್ತದೆ. ಇನ್ನೂ ಏರಿಸಿದರೆ ಸುತ್ತಿಗೆಗೆ ವಾಲ್ವ್ ತೆರೆಯುವುದೇ ಕಷ್ಟವಾಗಿ ವೇಗ ಇಳಿಯುತ್ತದೆ. ಅಂದರೆ 280 ಅನ್ನುವುದು ಎರಡು ಜಾಗದಲ್ಲಿ ಸಿಗಬಹುದು, ಏರುವ ಕಡೆ ಒಂದು, ಇಳಿಯುವ ಕಡೆ ಇನ್ನೊಂದು. ಇಳಿಯುವ ಕಡೆಯ 280ರಲ್ಲಿ ಮಾರ್ಕರ್ ಇಟ್ಟುಕೊಂಡು ಆಟಕ್ಕೆ ಹೋದರೆ ಅಪಾಯ. ಬೇಗ ಹೊಡೆದಾಗ ಒತ್ತಡ ತುಸು ಇಳಿಯುತ್ತದೆ, ಆಗ ವೇಗ ಏರುತ್ತದೆ. ಕ್ರೋನೋದಲ್ಲಿ ಒಂದೊಂದಾಗಿ ಹೊಡೆದು ನೋಡಿದಾಗ ಇದು ಗೊತ್ತೇ ಆಗುವುದಿಲ್ಲ. ಒತ್ತಡ ಸ್ವಲ್ಪ ಏರಿಸಿದಾಗ ವೇಗ ಇಳಿದರೆ ನೀವು ಆ ಕಡೆ ಇದ್ದೀರಿ ಅಂತ ಅರ್ಥ. ಚೆನ್ನಾಗಿ ಕೆಳಗಿಳಿಸಿ ಮತ್ತೆ ಮೇಲಕ್ಕೆ ಬನ್ನಿ. ನಿಮ್ಮದು ಒತ್ತಡ ಕೂಡಿಕೊಂಡಾಗ ಜೋರಾಗುತ್ತಿದೆ, ಆದ್ದರಿಂದ ಸದ್ಯ ಏರುವ ಕಡೆಯೇ ಇದೆ.

ಇಳಿಸುವಾಗ ಇನ್ನೊಂದು ನೆನಪಿಡಿ. ಈ ರೆಗ್ಯುಲೇಟರ್‌ಗಳಲ್ಲಿ ಹೆಚ್ಚಿನವು ಈಗಾಗಲೇ ಆಚೆ ಹೋದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಸ್ಕ್ರೂ ಇಳಿಸಿದರೂ ಒಳಗೆ ಹಳೇ ಒತ್ತಡವೇ ಇರುತ್ತದೆ. ನಾಲ್ಕಾರು ಸಲ ಹೊಡೆದ ಮೇಲೆಯೇ ಹೊಸ ಒತ್ತಡ ಬರುವುದು. ಇಳಿಸಿದ ಕೂಡಲೇ ಒಂದು ಶಾಟ್ ಹೊಡೆದು, ಏನೂ ಆಗಲಿಲ್ಲ ಅಂತ ಇನ್ನೂ ಇಳಿಸಿ, ಆಮೇಲೆ ತೀರಾ ಕಡಿಮೆಯಾಯಿತು ಅಂತ ಮತ್ತೆ ಏರಿಸಿ, ಹೀಗೇ ಮಧ್ಯಾಹ್ನ ಕಳೆದುಹೋಗುತ್ತದೆ. ತಿರುಗಿಸಿ, ಹೊಡೆದು ಖಾಲಿ ಮಾಡಿ, ಆಮೇಲೆ ಅಳೆಯಿರಿ.

ಅಳೆಯುವಾಗ ಅಂದು ಆಡುವ ಪೇಂಟನ್ನೇ ಬಳಸಿ. ಡಬ್ಬದ ತಳದಲ್ಲಿ ಉಳಿದ ಹಳೇ ಬಾಲ್‌ಗಳು ಊದಿಕೊಂಡೋ ಚಪ್ಪಟೆಯಾಗಿಯೋ ಇರುತ್ತವೆ, ಅವುಗಳಲ್ಲಿ ಅಳೆದರೆ ರೆಗ್ಯುಲೇಟರ್ ಚೆನ್ನಾಗಿದ್ದರೂ ಅಂಕಿ ಕುಣಿಯುತ್ತದೆ. ಬಾಲ್ ಅನ್ನು ಬ್ಯಾರೆಲ್‌ನ ಹಿಂಬದಿಯಲ್ಲಿ ಇಟ್ಟರೆ ತಾನಾಗಿ ಉರುಳಬಾರದು, ಊದಿದರೆ ಹೊರಗೆ ಹೋಗಬೇಕು. ಈ ಪರೀಕ್ಷೆಗೆ ಬ್ಯಾರೆಲ್ಲನ್ನು ಮಾರ್ಕರ್‌ನಿಂದ ಕಳಚಿ ಕೈಯಲ್ಲಿ ಹಿಡಿದೇ ಊದಿ. ಅಷ್ಟು ಹೊಂದಿಕೆ ಇದ್ದರೆ ಒಂದೊಂದಾಗಿ ಹೊಡೆದ ಹತ್ತು ಶಾಟ್ ಮಧ್ಯದ ಅಂಕಿಯಿಂದ ಐದಾರು ಅಡಿ ಅತ್ತಿತ್ತ ಒಳಗೆ ಬರಬೇಕು. ಮಿತಿ 280 ಇದ್ದರೆ ನಾನು ಸರಾಸರಿಯನ್ನು 270ರ ಹತ್ತಿರ ಇಡುತ್ತೇನೆ. ಹತ್ತು ಅಡಿ ಕಡಿಮೆಯಿಂದ ದೂರದಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ, ಬಿಸಿಲೇರಿದಾಗ ಅಂಕಿ ತುಸು ಮೇಲೆ ಹೋದರೂ ಮಿತಿಯೊಳಗೇ ಇರುತ್ತದೆ. ಆಮೇಲೆ ಎರಡು ನಿಮಿಷ ಬಿಟ್ಟು ಒಂದು ಶಾಟ್, ಮತ್ತೆ ಬೇಗ ಬೇಗ ಒಂದಷ್ಟು ಶಾಟ್ ಹೊಡೆದು ಎರಡನ್ನೂ ಬರೆದಿಡಿ. ನಿಮ್ಮ 305 ಮತ್ತು 250 ಹೋಗಿವೆಯೇ ಅನ್ನುವುದು ಇಲ್ಲೇ ಗೊತ್ತಾಗುವುದು. ಮಧ್ಯಾಹ್ನ ಇನ್ನೊಮ್ಮೆ ಕ್ರೋನೋ ಮಾಡಿ.

ಹೊಸ ಸೀಟ್, ಹೊಸ ಪಿಸ್ಟನ್ ಹಾಕಿ, ಬೇರೆ ಟ್ಯಾಂಕ್‌ನಲ್ಲೂ ಸೂಜಿ ಏರುತ್ತಲೇ ಇದ್ದರೆ ರೆಗ್ಯುಲೇಟರ್ ಬಾಡಿಯ ಒಳಗೋಡೆಯಲ್ಲಿ ಗೀರು ಬಿದ್ದಿರುವ ಸಾಧ್ಯತೆ ಇದೆ. ಅದನ್ನು ರಿಪೇರಿಯವರಿಗೇ ತೋರಿಸಿ. ಅಷ್ಟರಲ್ಲಿ ನನಗೆ ಮೂರು ವಿಷಯ ಬರೆದು ಕಳಿಸಿ: ಮಾರ್ಕರ್‌ನ ಮಾದರಿ, ಎರಡು ನಿಮಿಷದಲ್ಲಿ ಸೂಜಿ ಎಷ್ಟರಿಂದ ಎಷ್ಟಕ್ಕೆ ಏರಿತು, ಬೇಗ ಹೊಡೆಯುವಾಗ ಎಲ್ಲಿ ತೂಗಾಡಿತು. ಸೀಟಿನ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು, ಬೆಳಕು ಪಕ್ಕದಿಂದ ಬೀಳುವ ಹಾಗೆ ತೆಗೆಯಿರಿ.